ಯಕೃತ್ತಿನ ರೋಗಿಯ ಏದುಸಿರು: ಒತ್ತಡವೊಂದನ್ನೇ ಅಳೆದರೆ ಸಾಲದು

ಸಿರೋಸಿಸ್ ಇರುವವರು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಹೊಟ್ಟೆಯಲ್ಲಿ ತುಂಬಿದ ನೀರೋ ರಕ್ತಹೀನತೆಯೋ ಕಾರಣವೆಂದು ತೀರ್ಮಾನಿಸುವುದು ವಾಡಿಕೆ. ಬಹಳ ಸಲ ಅದು ನಿಜವೂ ಹೌದು. ಆದರೆ ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿದವರ ಪೈಕಿ ನೂರಕ್ಕೆ ಸುಮಾರು 2ರಿಂದ 6 ಮಂದಿಗೆ ಶ್ವಾಸಕೋಶದ ಅಪಧಮನಿಗಳಲ್ಲೂ ಒತ್ತಡ ಏರುತ್ತದೆ. ಇದಕ್ಕೆ ಪೋರ್ಟೊಪಲ್ಮನರಿ ಹೈಪರ್‌ಟೆನ್ಷನ್ ಎಂದು ಹೆಸರು. 1951ರಲ್ಲಿ ಮ್ಯಾಂಟ್ಜ್ ಮತ್ತು ಕ್ರೇಗ್ ಇದನ್ನು ಮೊದಲು ವರದಿ ಮಾಡಿದರು.

ಯಕೃತ್ತು ಎಷ್ಟು ಹಾಳಾಗಿದೆ ಎಂಬುದನ್ನು ನೋಡಿ ಈ ರೋಗವನ್ನು ಊಹಿಸಲಾಗದು. ಯಕೃತ್ತಿನ ಕೆಲಸ ಬಹುಮಟ್ಟಿಗೆ ಸರಿಯಾಗಿರುವವರಲ್ಲೂ ಇದು ತೀವ್ರವಾಗಿರಬಹುದು. ಹೆಂಗಸರಿಗೆ ಮತ್ತು ಆಟೋಇಮ್ಯೂನ್ ಹೆಪಟೈಟಿಸ್ ಇದ್ದವರಿಗೆ ಅಪಾಯ ಹೆಚ್ಚು. ಕರುಳಿನಿಂದ ಬರುವ ರಕ್ತ ಯಕೃತ್ತಿನಲ್ಲಿ ಶುದ್ಧಿಯಾಗದೆ ಅಡ್ಡದಾರಿ ಹಿಡಿದು ಶ್ವಾಸಕೋಶ ತಲುಪುತ್ತದೆ. ಅದರೊಂದಿಗೆ ಬಂದ ಎಂಡೊಥೀಲಿನ್‌ನಂಥ ವಸ್ತುಗಳು ಅಲ್ಲಿನ ಸಣ್ಣ ಅಪಧಮನಿಗಳನ್ನು ಕುಗ್ಗಿಸಿ, ಗೋಡೆಗಳನ್ನು ದಪ್ಪವಾಗಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಭಾರ ಬೀಳುವುದು ಹೃದಯದ ಬಲಭಾಗದ ಮೇಲೆ.

ರೋಗನಿರ್ಣಯದಲ್ಲಿ ಎಡವುವುದು ಸುಲಭ. ಸಿರೋಸಿಸ್‌ನಲ್ಲಿ ಹೃದಯ ಸಹಜಕ್ಕಿಂತ ಹೆಚ್ಚು ರಕ್ತ ಹರಿಸುತ್ತದೆ, ಮೈಯಲ್ಲಿ ನೀರೂ ನಿಲ್ಲುತ್ತದೆ. ಇವೆರಡರಿಂದಲೇ ಒತ್ತಡ ಏರಬಹುದು. ಆದ್ದರಿಂದ ಎಕೋ ಪರೀಕ್ಷೆ ಸುಳಿವು ಮಾತ್ರ, ತೀರ್ಪು ಕ್ಯಾತಿಟರಿನದು. ಕತ್ತಿನ ಅಭಿಧಮನಿಯಿಂದ ಸಣ್ಣ ನಳಿಗೆಯನ್ನು ಹೃದಯದ ಬಲಭಾಗದ ಮೂಲಕ ಶ್ವಾಸಕೋಶದ ಅಪಧಮನಿಗೆ ಸಾಗಿಸಿ, ತುದಿಯ ಬಲೂನು ಉಬ್ಬಿಸಿ ವೆಡ್ಜ್ ಒತ್ತಡ, ಅಂದರೆ ಹೃದಯದ ಎಡಭಾಗದ ಒತ್ತಡದ ಅಂದಾಜು, ಅಳೆಯುತ್ತಾರೆ. ಇಬ್ಬರು ರೋಗಿಗಳಲ್ಲೂ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 36 ಮಿ.ಮೀ. ಇದೆ ಎಂದುಕೊಳ್ಳೋಣ. ಒಬ್ಬರ ವೆಡ್ಜ್ 18, ಹೃದಯ ನಿಮಿಷಕ್ಕೆ ಹರಿಸುವ ರಕ್ತ 9 ಲೀಟರ್: 36ರಲ್ಲಿ 18 ಕಳೆದು 9ರಿಂದ ಭಾಗಿಸಿದರೆ ಪ್ರತಿರೋಧ 2 ವುಡ್ ಯೂನಿಟ್. ಇನ್ನೊಬ್ಬರ ವೆಡ್ಜ್ 10, ಹರಿವು 5 ಲೀಟರ್: ಪ್ರತಿರೋಧ 5.2. ಒತ್ತಡ ಒಂದೇ ಆದರೂ ರೋಗ ಇರುವುದು ಎರಡನೆಯವರಿಗೆ. ಸರಾಸರಿ ಒತ್ತಡ 20ಕ್ಕಿಂತ ಹೆಚ್ಚು, ವೆಡ್ಜ್ 15ರೊಳಗೆ, ಪ್ರತಿರೋಧ 2ಕ್ಕಿಂತ ಹೆಚ್ಚು: 2022ರ ಯುರೋಪಿಯನ್ ಮಾರ್ಗಸೂಚಿಯ ಮಾನದಂಡ ಇದು.

ಹೆಪಟೋಪಲ್ಮನರಿ ಸಿಂಡ್ರೋಮ್ ಬೇರೆ. ಅದರಲ್ಲಿ ನಾಳಗಳು ಹಿಗ್ಗಿ ಆಮ್ಲಜನಕ ಇಳಿಯುತ್ತದೆ. ಯಕೃತ್ತಿನ ಕಸಿಯೇ ಅದಕ್ಕೆ ಮದ್ದು. ಇಲ್ಲಿ ಹಾಗಲ್ಲ. ಸರಾಸರಿ ಒತ್ತಡ 50 ದಾಟಿದ್ದಾಗ ಕಸಿ ಮಾಡಿಸಿಕೊಂಡವರಲ್ಲಿ ಒಬ್ಬರೂ ಉಳಿಯಲಿಲ್ಲವೆಂದು ಕ್ರೌಕಾ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. 35ಕ್ಕಿಂತ ಕಡಿಮೆ ಇದ್ದವರಲ್ಲಿ ಸಾವು ಕಾಣಲಿಲ್ಲ. ಹಾಗಾಗಿ ಔಷಧಿಯಿಂದ ಒತ್ತಡ ಇಳಿಸಿದ ಮೇಲೆಯೇ ಕಸಿಯ ಮಾತು. 2019ರ ಪೋರ್ಟಿಕೋ ಪ್ರಯೋಗದಲ್ಲಿ ಮ್ಯಾಸಿಟೆಂಟಾನ್, ಪ್ಲಾಸಿಬೊಗೆ ಹೋಲಿಸಿದರೆ ಪ್ರತಿರೋಧವನ್ನು ಶೇ. 35ರಷ್ಟು ಇಳಿಸಿತು. ಸಿಲ್ಡೆನಾಫಿಲ್ ಕೂಡ ಬಳಕೆಯಲ್ಲಿದೆ. ಅನ್ನನಾಳದ ರಕ್ತಸ್ರಾವ ತಡೆಯಲು ಕೊಡುವ ಬೀಟಾ ಬ್ಲಾಕರ್ ಮಾತ್ರ ಇವರಿಗೆ ತೊಡಕು: 2006ರ ಒಂದು ಸಣ್ಣ ಅಧ್ಯಯನದಲ್ಲಿ ಅದನ್ನು ನಿಲ್ಲಿಸಿದ ಹತ್ತು ರೋಗಿಗಳ ಆರು ನಿಮಿಷದ ನಡಿಗೆ ಸರಾಸರಿ 79 ಮೀಟರ್ ಹೆಚ್ಚಿತು. ರೋಗಿಗಳು ತಾವಾಗಿಯೇ ಇದನ್ನು ನಿಲ್ಲಿಸಬಾರದು. ರಕ್ತಸ್ರಾವದ ಅಪಾಯಕ್ಕೆ ಬೇರೆ ವ್ಯವಸ್ಥೆ ಬೇಕಾಗುತ್ತದೆ.

ಕಸಿಯ ಪಟ್ಟಿಗೆ ಹೆಸರು ಸೇರಿಸುವ ಮೊದಲು ಪ್ರತಿಯೊಬ್ಬರಿಗೂ ಎಕೋ ಆಗಲೇಬೇಕು. ಹೊಟ್ಟೆಯ ನೀರು ತೆಗೆಸಿದ ಮೇಲೂ ಉಸಿರು ಕಟ್ಟುತ್ತಿದ್ದರೆ, ಆ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ.