ಎರಡಾಣೆಯ ಗೂಳಿ: ರಾಷ್ಟ್ರೋದಯದ ಸ್ಮಾರಕ ನಾಣ್ಯಗಳನ್ನು ಕುರಿತು ಒಂದು ವಿಚಾರ

ಸ್ವತಂತ್ರ ಭಾರತದ ಸ್ಮಾರಕ ನಾಣ್ಯಗಳ ಚರಿತ್ರೆಯನ್ನು ನೆಹರೂ ಅವರ ನಿಧನಾನಂತರ 1964ರಲ್ಲಿ ಹೊರಟ ಒಂದು ರೂಪಾಯಿ ಹಾಗೂ ಐವತ್ತು ಪೈಸೆಗಳ ನಾಣ್ಯಗಳಿಂದ ಆರಂಭಿಸುವುದು ವಾಡಿಕೆ. ಸಂಗ್ರಾಹಕರ ಮಟ್ಟಿಗೆ ಇದು ಸರಿಯೇ. ಆದರೆ ರಾಷ್ಟ್ರವು ತನ್ನ ಹುಟ್ಟನ್ನು ಲೋಹದ ಮೇಲೆ ಹೇಗೆ ಚಿತ್ರಿಸಿಕೊಂಡಿತೆಂದು ವಿಚಾರಿಸುವವರು 1950ಕ್ಕೆ ಹೋಗಬೇಕಾಗುತ್ತದೆ.

1947ರ ಆಗಸ್ಟಿನಲ್ಲಿ ಆಳ್ವಿಕೆ ಬದಲಾಯಿತು, ನಾಣ್ಯ ಬದಲಾಗಲಿಲ್ಲ. ಒಂದು ಬದಿ ಆರನೆಯ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿ ಹುಲಿ ಇದ್ದ ರೂಪಾಯಿಯೇ ಚಲಾವಣೆಯಲ್ಲಿ ಮುಂದುವರಿಯಿತು. 1950ರ ಆಗಸ್ಟ್ 15ರಂದು ಹೊಸ ಮಾಲೆ ಹೊರಬಿದ್ದಾಗ ದೊರೆಯ ಸ್ಥಾನದಲ್ಲಿ ಸಾರನಾಥದ ಸಿಂಹಶೀರ್ಷ ನಿಂತಿತು. ರೂಪಾಯಿ, ಎಂಟಾಣೆ, ನಾಲ್ಕಾಣೆಗಳ ಹಿಂಬದಿಯಲ್ಲಿ ಹುಲಿ ಹೋಗಿ ಧಾನ್ಯದ ತೆನೆಗಳು ಬಂದವು. ಎರಡಾಣೆ, ಒಂದಾಣೆ, ಅರ್ಧಾಣೆಗಳ ಮೇಲೆ ಗೂಳಿ. ಪೈಸೆಯ ಮೇಲೆ ಕುದುರೆ. ಗೂಳಿ, ಕುದುರೆಗಳೆರಡೂ ಅದೇ ಸಿಂಹಶೀರ್ಷದ ಪೀಠಫಲಕದಲ್ಲಿರುವ ಪ್ರಾಣಿಗಳು. ಸ್ಮಾರಕವೆಂಬ ಹೆಸರಿಲ್ಲದೆಯೇ ಈ ಮಾಲೆ ಗಣರಾಜ್ಯದ ಜನ್ಮಸ್ಮಾರಕವಾಯಿತೆಂದು ನಮ್ಮ ಅಭಿಪ್ರಾಯ.

ಬಸವನ ಬಾಗೇವಾಡಿಯ ವಿದ್ಯಾರ್ಥಿಗೆ ಆ ಎರಡಾಣೆಯನ್ನು ತೋರಿಸಿದರೆ ಆತ ಅದನ್ನು 'ಬಸವಣ್ಣ' ಎಂದೇ ಕರೆದಾನು. ಅದು ಮೌರ್ಯಶಿಲ್ಪದ ವೃಷಭವೆಂದು ತಿದ್ದುವುದು ಅಧ್ಯಾಪಕನ ಕರ್ತವ್ಯವೇನೋ ಹೌದು. ಆದರೆ ಅಶೋಕನನ್ನು ಉತ್ತರ ದೇಶದವನೆಂದು ಹೇಳಿ ಕೈತೊಳೆದುಕೊಳ್ಳುವುದೂ ತಪ್ಪು. ಶಾಸನಗಳ 'ಪ್ರಿಯದರ್ಶಿ'ಯು ಅಶೋಕನೇ ಎಂದು 1837ರಲ್ಲಿ ಟರ್ನರ್ ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದನು. ಆ ಊಹೆಗೆ ಕಲ್ಲಿನ ಸಾಕ್ಷ್ಯ ದೊರೆತದ್ದು 1915ರಲ್ಲಿ, ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಆಚೆಗಿರುವ ರಾಯಚೂರು ಸೀಮೆಯ ಮಸ್ಕಿಯಲ್ಲಿ. ರಾಜನ ಸ್ವಂತ ಹೆಸರು ಅಲ್ಲಿನ ಬಂಡೆಯ ಮೇಲೆ ಸ್ಪಷ್ಟವಾಗಿದೆ. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಅದು ಕಾಣಿಸಿಕೊಂಡಿತು. ದೆಹಲಿಯವರು ಆರಿಸಿದ ಲಾಂಛನದ ಒಡೆಯನ ಗುರುತು ಸ್ಥಿರಪಟ್ಟದ್ದು ನಮ್ಮ ನೆರೆಯಲ್ಲೇ.

ಅನಂತರದ ನಾಣ್ಯಗಳು ಲಾಂಛನವನ್ನು ಬಿಟ್ಟು ದೃಶ್ಯಕ್ಕೆ ತಿರುಗಿದವು. 1972ರ ರಜತೋತ್ಸವದ ಹತ್ತು ರೂಪಾಯಿ, ಐವತ್ತು ಪೈಸೆಗಳಲ್ಲಿ ಸಂಸದ್ಭವನ ಮತ್ತು ಧ್ವಜಧಾರಿಗಳಿದ್ದಾರೆ. 1997ರ ಸುವರ್ಣೋತ್ಸವದ ಐವತ್ತು ಪೈಸೆಯಲ್ಲಿ ಭವನವಿಲ್ಲ; ಗಾಂಧೀಜಿಯವರ ಹಿಂದೆ ದಂಡಿಗೆ ನಡೆಯುತ್ತಿರುವ ಜನರಿದ್ದಾರೆ. ಎರಡೂ 1947ರ ಸ್ಮರಣೆಗಳೇ. ಆದರೆ ಒಂದು ರಾಷ್ಟ್ರದ ಹುಟ್ಟನ್ನು ಶಾಸನಸಭೆಯಲ್ಲಿಯೂ ಇನ್ನೊಂದು 1930ರ ಧೂಳಿನ ದಾರಿಯಲ್ಲಿಯೂ ಕಂಡಿತು. ಎರಡನೆಯದೇ ಹೆಚ್ಚು ನಿಜವೆಂದು ನಮಗೆ ತೋರುತ್ತದೆ. 2023ರ ಮೇ 28ರಂದು ಹೊಸ ಸಂಸದ್ಭವನದ ಉದ್ಘಾಟನೆಗೆ ಬಿಡುಗಡೆಯಾದ ಎಪ್ಪತ್ತೈದು ರೂಪಾಯಿ ನಾಣ್ಯದಲ್ಲಿ ಮತ್ತೆ ಕಟ್ಟಡವೇ ಬಂದಿತು. 44 ಮಿಲಿಮೀಟರು ವ್ಯಾಸದ, ಅರ್ಧಭಾಗ ಬೆಳ್ಳಿಯ ಆ ನಾಣ್ಯ ಸಂಗ್ರಾಹಕರ ಪೆಟ್ಟಿಗೆಗಾಗಿ ಹುಟ್ಟಿದ್ದು; ಇಂಡಿಯ ನಿಂಬೆಯ ವ್ಯಾಪಾರದಲ್ಲಿ ಅದು ಕೈ ಬದಲಾಯಿಸುವಂಥದಲ್ಲ.

2006ರಲ್ಲಿ ಹೊರಟ ಬಸವೇಶ್ವರರ ಐದು ರೂಪಾಯಿ ನಾಣ್ಯವು ಈ ಸಾಲಿಗೆ ನೇರವಾಗಿ ಸೇರದಿದ್ದರೂ ಬಿಡಲು ಬಾರದು. ಬಿಜ್ಜಳನ ಭಂಡಾರಿಯಾಗಿದ್ದರೆಂದು ಪರಂಪರೆ ಹೇಳುವವರ ಮುಖ ನಾಣ್ಯಕ್ಕೇ ಬಂದದ್ದು ಸ್ವಾರಸ್ಯದ ಸಂಗತಿ. ಆದರೆ ನೆಹರೂ, ಗಾಂಧೀಜಿಯವರ ಅಚ್ಚುಗಳಿಗೆ ಛಾಯಾಚಿತ್ರಗಳ ಆಧಾರವಿತ್ತು; ಹನ್ನೆರಡನೆಯ ಶತಮಾನದ ಈ ಮುಖಕ್ಕೆ ಕಲಾವಿದರ ರೂಢಿಯೇ ಆಧಾರ. ಅನುಭವ ಮಂಟಪವನ್ನು ಇಂದಿನ ಸಂಸತ್ತಿನ ಪೂರ್ವರೂಪವೆನ್ನುವ ಮಾತಿಗೆ ಈ ನಾಣ್ಯವನ್ನು ಸಾಕ್ಷಿಯಾಗಿ ಕರೆಯಲಾಗದು. ಅದು ಹೇಳುವುದು 2006ರ ಭಾರತವು ಯಾರನ್ನು ತನ್ನ ಪೂರ್ವಿಕರೆಂದು ಎಣಿಸಿತೆಂಬುದನ್ನು, ಕಲ್ಯಾಣದಲ್ಲಿ ನಡೆದುದನ್ನಲ್ಲ. 1950ರ ಗೂಳಿಗೂ ಇದೇ ನ್ಯಾಯ ಸಲ್ಲುತ್ತದೆ.

ಇಂಥ ಆಕರಗಳು ಬಹುಬೇಗ ಕಾಣೆಯಾಗುತ್ತಿವೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ರದ್ದಾದವು. ಐವತ್ತು ಪೈಸೆಗೆ ಕಾನೂನಿನ ಮಾನ್ಯತೆಯಿದ್ದರೂ ಸಿಂದಗಿಯ ಅಂಗಡಿಕಾರನು ಅದನ್ನು ಮುಟ್ಟಲೊಲ್ಲನು. ದಂಡಿಯ ಯಾತ್ರಿಕರು ನಿಂತಿರುವುದು ಆ ಐವತ್ತು ಪೈಸೆಯ ಮೇಲೆಯೇ. ದೇವರ ಮಾಡದಲ್ಲಿಯೋ ಅಜ್ಜಿಯ ಎಲೆಯಡಿಕೆಯ ಚೀಲದಲ್ಲಿಯೋ ಉಳಿದಿರುವ ಎರಡಾಣೆ, ಎಂಟಾಣೆಗಳನ್ನು ವಿದ್ಯಾರ್ಥಿಗಳು ಕಾಲೇಜಿಗೆ ತಂದು ತೋರಿಸಲಿ. ದೊರೆತ ಊರು, ಮನೆಯವರು ಅದನ್ನು ಇರಿಸಿಕೊಂಡ ಕಾರಣ, ಇವೆರಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಾಣ್ಯವನ್ನು ಅವರಿಗೇ ಹಿಂದಿರುಗಿಸಿದರಾಯಿತು.