ಭಾನುವಾರದ ಚರ್ಚು, ಸೋಮವಾರದ ಸಂತೆ

ವಾಹನಗಳ ಚರಿತ್ರೆ ಎಂದಾಗ ನಾವು ಸಾಮಾನ್ಯವಾಗಿ ಓದುವುದು ಕಂಪೆನಿ ಮಾಲೀಕರ ಸಾಹಸ, ಎಂಜಿನ್ನಿನ ಶಕ್ತಿ, ಮಾರಾಟದ ಲೆಕ್ಕ ಇಷ್ಟನ್ನೇ. ಆದರೆ ಆಸ್ಟ್ರೇಲಿಯಾದ ಜನ ಪ್ರೀತಿಯಿಂದ ‘ಯೂಟ್’ ಎಂದು ಕರೆಯುವ ಗಾಡಿಯ ಚರಿತ್ರೆ ಶುರುವಾಗುವುದು ಒಬ್ಬ ರೈತ ಮಹಿಳೆಯ ಕಾಗದದಿಂದ. ಕಥೆ ಬರೆಯುವ ನಮ್ಮಂಥವರಿಗೆ ಈ ಸಂಗತಿ ಎಂಜಿನ್ನಿಗಿಂತ ದೊಡ್ಡದಾಗಿ ಕಾಣುತ್ತದೆ.

ಅದು 1930ರ ದಶಕದ ಆರಂಭ. ಜಗತ್ತನ್ನೇ ಕಂಗೆಡಿಸಿದ್ದ ಆರ್ಥಿಕ ಕುಸಿತದಿಂದ ಆಸ್ಟ್ರೇಲಿಯಾದ ಉಣ್ಣೆ ಮತ್ತು ಗೋಧಿಯ ಬೆಲೆ ನೆಲ ಕಚ್ಚಿತ್ತು. ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಸೀಮೆಯ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪೆನಿಯ ಆಸ್ಟ್ರೇಲಿಯಾ ಶಾಖೆಗೆ ಪತ್ರ ಬರೆದಳು. ಅವಳ ಬೇಡಿಕೆ ಸರಳವಾಗಿತ್ತು. ಭಾನುವಾರ ಮಳೆಗೆ ನೆನೆಯದೆ ಚರ್ಚಿಗೆ ಹೋಗಬೇಕು. ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಸಾಗಿಸಬೇಕು. ಎರಡು ಗಾಡಿ ಕೊಳ್ಳುವ ಚೈತನ್ಯ ಅಂದಿನ ಸಣ್ಣ ರೈತನಿಗೆ ಎಲ್ಲಿಂದ ಬರಬೇಕು?

ಹಿಂಬದಿಯಲ್ಲಿ ಸಾಮಾನು ಹೇರುವ ಕಾರುಗಳು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. ಇದ್ದವು. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಬಟ್ಟೆಯ ಮಾಡು. ಮಳೆ ಗಾಳಿಗೆ ಕುಳಿತವರು ತೊಯ್ದು ತೊಪ್ಪೆಯಾಗುತ್ತಿದ್ದರು. ದುಡಿಮೆಯ ಗಾಡಿಯಲ್ಲಿ ಕೂರುವವನಿಗೆ ಸುಖವೇಕೆ ಎಂಬ ಭಾವನೆ ಬಹುಶಃ ಅದನ್ನು ಮಾಡಿದವರಲ್ಲಿತ್ತು. ಆ ಮಹಿಳೆಯ ಪತ್ರ ಪ್ರಶ್ನಿಸಿದ್ದು ಇದನ್ನೇ.

ಜೀಲಾಂಗ್ ಪಟ್ಟಣದ ಫೋರ್ಡ್ ಕಾರ್ಖಾನೆಯಲ್ಲಿ ಲೂಯಿಸ್ ಬ್ಯಾಂಟ್ ಎಂಬ, ಆಗಿನ್ನೂ ಇಪ್ಪತ್ತರ ಹರೆಯದ ವಿನ್ಯಾಸಕಾರನಿದ್ದ. ಪತ್ರದ ಕೆಲಸ ಅವನ ಪಾಲಿಗೆ ಬಂತು. ದೊಡ್ಡ ಕರಿಹಲಗೆಯ ಮೇಲೆ ಗಾಡಿಯ ರೂಪು ಬರೆದ. ಮುಂದೆ ಗಟ್ಟಿ ಮಾಡು, ಗಾಜಿನ ಕಿಟಕಿ, ಮೆತ್ತನೆಯ ಆಸನವಿರುವ ಕಾರು. ಅದೇ ಮೈಯ ಮುಂದುವರಿಕೆಯಾಗಿ ಹಿಂದೆ ಸಾಮಾನಿನ ತೊಟ್ಟಿ. 1934ರಲ್ಲಿ ಈ ‘ಕೂಪೆ ಯುಟಿಲಿಟಿ’ ತಯಾರಾಗಿ ಹೊರಬಂತು. ಮುಂದೆ ಅಮೆರಿಕದಲ್ಲಿ ಇದನ್ನು ಕಂಡ ಹೆನ್ರಿ ಫೋರ್ಡ್ ‘ಕಾಂಗರೂ ಬೆನ್ನಟ್ಟುವ ಗಾಡಿ’ ಎಂದು ತಮಾಷೆ ಮಾಡಿದರೆಂದು ಹೇಳುತ್ತಾರೆ.

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. 1951ರಲ್ಲಿ ಹೋಲ್ಡನ್ ಕಂಪೆನಿ ತನ್ನದೇ ಯೂಟ್ ತಂದಿತು. ಅಮೆರಿಕದಲ್ಲೇ 1957ರ ಮಾದರಿಯಾಗಿ ಫೋರ್ಡ್ ರಾಂಚೆರೋ, 1959ರದಾಗಿ ಶೆವ್ರೊಲೆ ಎಲ್ ಕಮೀನೋ ಬಂದವು. ಜಪಾನಿನ ಸುಬಾರು ಕಂಪೆನಿಯ ‘ಬ್ರ್ಯಾಟ್’ 1970ರ ದಶಕದ ಕೊನೆಗೆ ಅಮೆರಿಕಕ್ಕೆ ಹೋದಾಗ ಅದರ ತೊಟ್ಟಿಯಲ್ಲಿ ಹಿಮ್ಮುಖವಾಗಿ ಎರಡು ಕುರ್ಚಿಗಳಿದ್ದವು. ಯಾಕೆ ಗೊತ್ತೆ? ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಅಲ್ಲಿ 1964ರಿಂದ ಶೇ. 25ರಷ್ಟು ಸುಂಕವಿತ್ತು. ಕುರ್ಚಿ ಇದ್ದರೆ ಅದು ಟ್ರಕ್ಕಲ್ಲ, ಪ್ರಯಾಣಿಕರ ಕಾರು! ಕಾನೂನಿನ ಕಣ್ಣಿಗೂ ಈ ಗಾಡಿ ಯಾವ ಜಾತಿಗೆ ಸೇರಿದ್ದೆಂಬ ಗೊಂದಲ.

ಹಾಗಾದರೆ ನಾವು ಇದನ್ನು ಗುರುತಿಸುವುದು ಹೇಗೆ? ಕೂರುವ ಜಾಗ ಮತ್ತು ತೊಟ್ಟಿಯ ನಡುವೆ ಕಣ್ಣು ಹಾಯಿಸಬೇಕು. ಸಾಮಾನ್ಯ ಪಿಕಪ್ಪಿನಲ್ಲಿ ಅಲ್ಲೊಂದು ಸಂದು ಇರುತ್ತದೆ. ಎರಡನ್ನೂ ಚಾಸಿಯ ಮೇಲೆ ಬೇರೆ ಬೇರೆಯಾಗಿ ಕೂರಿಸಿರುವುದರಿಂದ, ಭಾರಕ್ಕೆ ಚಾಸಿ ತಿರುಚಿದಾಗ ಒಂದಕ್ಕೊಂದು ಉಜ್ಜದಿರಲೆಂದು ಬಿಟ್ಟ ಜಾಗವದು. ಹಳೆಯ ಯೂಟ್‌ಗಳಲ್ಲಿ ಆ ಸಂದು ಇಲ್ಲ. ಬಾಗಿಲಿನ ಹಿಂದಿನ ತಗಡು ತಡೆಯಿಲ್ಲದೆ ಹಿಂದಿನ ದೀಪದವರೆಗೆ ಹರಿಯುತ್ತದೆ. ಎದುರು ನಿಂತರೆ ಕಾರು. ಹಿಂದೆ ಹೋಗಿ ಬಗ್ಗಿ ನೋಡಿದರೆ ಅನೇಕ ಮಾದರಿಗಳಲ್ಲಿ ಭಾರ ಹೊರಲು ಲಾರಿಯಂಥದೇ ಕಮಾನು ಪಟ್ಟಿ. ಹೋಲ್ಡನ್ ಯೂಟ್ ಒಂದು ಕಾಲಕ್ಕೆ ಗಲ್ಫ್ ದೇಶಗಳಲ್ಲಿ ಶೆವ್ರೊಲೆ ಲುಮಿನಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅಲ್ಲಿ ದುಡಿದು ಬಂದ ನಮ್ಮ ಕರಾವಳಿಯವರಲ್ಲಿ ಕೆಲವರಾದರೂ ಅದನ್ನು ಕಂಡು, ಇದೇನು ಕಾರೋ ಲಾರಿಯೋ ಎಂದು ಬೆರಗಾಗಿರಬಹುದು.

ಆಸ್ಟ್ರೇಲಿಯಾದ ಕೊನೆಯ ಫೋರ್ಡ್ ಫಾಲ್ಕನ್ ಯೂಟ್ 2016ರಲ್ಲಿ ತಯಾರಾಯಿತು. 2017ರಲ್ಲಿ ಹೋಲ್ಡನ್ ತನ್ನ ಅಡಿಲೇಡ್ ಬಳಿಯ ಕಾರ್ಖಾನೆಗೆ ಬೀಗ ಹಾಕಿತು. ತಲೆಮಾರುಗಳಿಂದ ಅಲ್ಲಿ ಕಸುಬು ಕಲಿತಿದ್ದ ಕೆಲಸಗಾರರು ಬೇರೆ ದಾರಿ ಹುಡುಕಬೇಕಾಯಿತು. 2005ರಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದ ನಂತರ ಥಾಯ್ಲೆಂಡಿನಿಂದ ಬರುವ ಪಿಕಪ್ಪುಗಳಿಗೆ ಸುಂಕವಿರಲಿಲ್ಲ. ನಾಲ್ಕು ಬಾಗಿಲಿನ ಆ ಎತ್ತರದ ಗಾಡಿಗಳಲ್ಲಿ ಮಕ್ಕಳಿಗೂ ಜಾಗವಿತ್ತು. ಯೂಟ್‌ನಲ್ಲಿ ಇಬ್ಬರು ಮೂವರಿಗಷ್ಟೇ. ಒಂದೇ ಗಾಡಿಯಲ್ಲಿ ಮನೆಯೂ ದುಡಿಮೆಯೂ ನಡೆಯಬೇಕೆಂಬ ಹಳೆಯ ಬೇಡಿಕೆಯೇ ಹಳೆಯ ಗಾಡಿಯನ್ನು ಹಿಂದಿಕ್ಕಿತು.

ಬ್ಯಾಂಟ್ 1987ರಲ್ಲಿ ತೀರಿಕೊಂಡದ್ದು ತಾನೇ ದುರಸ್ತಿ ಮಾಡಿಟ್ಟುಕೊಂಡಿದ್ದ 1934ರ ಯೂಟ್ ಓಡಿಸುವಾಗ ಸಂಭವಿಸಿದ ಅಪಘಾತದಲ್ಲಿ. ಜೀಲಾಂಗ್ ಹೊರವರ್ತುಲ ರಸ್ತೆಯ ಸೇತುವೆಗೆ ಅವನ ಹೆಸರಿಟ್ಟಿದ್ದಾರೆ. ಅದು ಸರಿಯೇ. ಆದರೆ ಪತ್ರ ಬರೆದವಳು? ಚರಿತ್ರೆಗೆ ಅವಳು ‘ಗಿಪ್ಸ್‌ಲ್ಯಾಂಡಿನ ರೈತನ ಹೆಂಡತಿ’ ಮಾತ್ರ.

ಬಡವರು ಕೇಳುವುದು ಕೇವಲ ಹೊಟ್ಟೆಪಾಡಿಗೆ ಎಂದು ನಾವು ತಿಳಿದಿರುತ್ತೇವೆ. ಅವಳು ಕೇಳಿದ್ದು ಹಂದಿ ಸಾಗಿಸುವ ಅನುಕೂಲವನ್ನಷ್ಟೇ ಅಲ್ಲ. ಒಗೆದು ಮಡಿಸಿಟ್ಟ ಬಟ್ಟೆಯುಟ್ಟು, ಒದ್ದೆಯಾಗದೆ, ನಾಲ್ಕು ಜನರ ನಡುವೆ ಇಳಿಯುವ ಮರ್ಯಾದೆಯನ್ನು. ಎಲ್ಲಾದರೂ ಸಂದಿಲ್ಲದ ಆ ಹಳೆಯ ಗಾಡಿ ನಮ್ಮ ಕಣ್ಣಿಗೆ ಬಿದ್ದರೆ, ಕಂಪೆನಿಯ ಹೆಸರು ಓದುವ ಮುನ್ನ ಅವಳನ್ನೊಮ್ಮೆ ನೆನೆಯೋಣ.