ಮೊಗ್ಲಿಂಗ್ ಸಾಹೇಬರು ಕರೆತಂದವರು

ನಮ್ಮೂರು ರಾಮನಾಥಪುರ. ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ. ಷಷ್ಠಿ ತೇರು, ವಹ್ನಿ ಪುಷ್ಕರಿಣಿಯ ದೇವರ ಮೀನುಗಳು, ತಂಬಾಕು ಹರಾಜು... ಇಷ್ಟು ಹೇಳಿದರೆ ಸುತ್ತಮುತ್ತಲಿನವರಿಗೆ ಗುರುತು ಸಿಗುತ್ತೆ. ಚಿಕ್ಕವನಿದ್ದಾಗ ಹೊಳೆ ದಂಡೆಯಲ್ಲಿ ಕೂತು "ಅಜ್ಜೀ, ಈ ನೀರೆಲ್ಲ ಎಲ್ಲಿಂದ ಬರುತ್ತೆ?" ಅಂತ ಕೇಳಿದರೆ "ಕೊಡಗಿಂದ ಕಣೋ, ಇನ್ನೆಲ್ಲಿಂದ" ಅನ್ನೋ ಒಂದೇ ಉತ್ತರ. ಸಿದ್ದಾಪುರ, ದುಬಾರೆ, ಕುಶಾಲನಗರ, ಕಣಿವೆ ದಾಟಿ ಕಾವೇರಿ ನಮ್ಮೂರಿಗೆ ಬರುತ್ತಾಳೆ.

ಮೊನ್ನೆ ಗೆಳೆಯನ ಮದುವೆಗೆ ಅಂತ ಸಿದ್ದಾಪುರದ ಕಡೆ ಹೋಗಿದ್ದೆ. ದಾರಿಯಲ್ಲಿ ಆನಂದಪುರ ಅಂತ ಒಂದು ಹೆಸರು ಕಂಡಿತು. ಕಾಫಿ ತೋಟದ ಮಧ್ಯೆ ಒಂದು ಚರ್ಚು ಇರುವ ಊರಂತೆ. ಪಕ್ಕದಲ್ಲಿದ್ದ ಹಿರಿಯರು "ಅದು ಪಾದ್ರಿ ಕಟ್ಟಿದ ಊರು" ಅಂದರು. ಯಾವ ಪಾದ್ರಿ ಅಂದರೆ, ನಮಗೆಲ್ಲ ಚೆನ್ನಾಗಿ ಗೊತ್ತಿರುವವರೇ! ಮಂಗಳೂರ ಸಮಾಚಾರದ ಹರ್ಮನ್ ಮೊಗ್ಲಿಂಗ್.

ನಮಗೆ ಮೊಗ್ಲಿಂಗ್ ಅಂದರೆ 1843ರ ಜುಲೈ 1. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟ. ಈಗಲೂ ಅದೇ ದಿನ ಪತ್ರಿಕಾ ದಿನಾಚರಣೆ ಮಾಡಿ, ಹಾರ ಹಾಕಿ, ಸುಮ್ಮನಾಗುತ್ತೇವೆ. ಆ ಮನುಷ್ಯನ ಮನೆ, ಸಂಸಾರ, ಅವನು ನಿಜವಾಗಿ ಮಾಡಲು ಬಂದಿದ್ದ ಕೆಲಸ ಇದರ ಬಗ್ಗೆ ನಾನಂತೂ ಯೋಚಿಸಿರಲಿಲ್ಲ. ಹುಡುಕಿ ಓದುತ್ತಾ ಹೋದಂತೆ ನನಗೆ ಕಂಡ ಮೊಗ್ಲಿಂಗ್ ಪತ್ರಿಕೆಯವನಿಗಿಂತ ಹೆಚ್ಚಾಗಿ ಜನರನ್ನು ಕರೆತರುವವನು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕಾದರೆ ರೆಕ್ರೂಟರ್ :)

1811ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದವರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿದವರು. ಇದು ಸಣ್ಣ ವಿಷಯವಲ್ಲ. ಬಾಸೆಲ್ ಮಿಷನ್ನಿಗೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ರೈತರ, ಬಡಗಿ ನೇಕಾರರಂಥ ಕಸುಬುದಾರರ ಮಕ್ಕಳು. ಊರಲ್ಲೇ ಪಾದ್ರಿ ಕೆಲಸ, ಸಂಬಳ, ಮರ್ಯಾದೆ ಎಲ್ಲ ಸಿಗುವ ಪದವೀಧರ ಯಾಕೆ ಹಡಗು ಹತ್ತುತ್ತಾನೆ? ಆದರೂ ಮೊಗ್ಲಿಂಗ್ ಹತ್ತಿದರು. 1836ರಲ್ಲಿ ಮಂಗಳೂರಿಗೆ ಬಂದರು. ಮಿಷನ್ನಿನ ಮೊದಲ ಮೂವರು (ಹೆಬಿಕ್, ಲೆಹ್ನರ್, ಗ್ರೈನರ್) ಬಂದು ಆಗ ಎರಡೇ ವರ್ಷ ಆಗಿತ್ತು.

ಆ ಕಾಲದಲ್ಲಿ ಜನ ಸೇರುತ್ತಿದ್ದದ್ದು ಹೇಗೆ ಅನ್ನೋದು ಸ್ವಾರಸ್ಯ. ಮಿಷನರಿಗಳು ಊರಿಗೆ ಬರೆಯುತ್ತಿದ್ದ ಪತ್ರ, ವರದಿಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಹಳ್ಳಿಯ ಮನೆಗಳಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅದನ್ನು ಕೇಳಿ ಕೆಲವರು ದುಡ್ಡು ಕೊಡುತ್ತಿದ್ದರು, ಕೆಲವರು ಮಗನನ್ನೇ ಕೊಡುತ್ತಿದ್ದರು. 1855ರಿಂದ ವಾರಕ್ಕೆ ಅರ್ಧ ಬಾಟ್ಸನ್ (ಚಿಲ್ಲರೆ ಕಾಸು) ಎತ್ತುವ ಪದ್ಧತಿಯೂ ಶುರುವಾಯಿತು. ಮಂಗಳೂರಿನ ಹಂಚಿನ ಕಾರ್ಖಾನೆಗಳನ್ನು ನೋಡಿ ಮಿಷನ್ ಅಂದರೆ ದೊಡ್ಡ ಕಂಪನಿ ಅಂದುಕೊಂಡಿದ್ದ ನನಗೆ ಅದರ ಕೆಳಗೆ ಇಂಥ ಕಾಸುಗಳೂ ಇದ್ದವು ಅಂತ ಗೊತ್ತಿರಲಿಲ್ಲ.

ಪತ್ರ ಬಿಟ್ಟರೆ ನೆಂಟಸ್ತಿಕೆ, ಸ್ನೇಹ. ಮೊಗ್ಲಿಂಗರ ಗೆಳೆಯ, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಭಾರತಕ್ಕೆ ಬಂದದ್ದು ಮಿಷನ್ ಮೂಲಕವೂ ಅಲ್ಲ. ಆಂಥೊನಿ ನಾರಿಸ್ ಗ್ರೋವ್ಸ್ ಅನ್ನುವ ಇಂಗ್ಲೆಂಡಿನ ಒಬ್ಬ ಹಲ್ಲಿನ ಡಾಕ್ಟರು ತನ್ನ ಮಕ್ಕಳಿಗೆ ಪಾಠ ಹೇಳಲು ಅಂತ 1836ರಲ್ಲಿ ಕರೆತಂದದ್ದು! ಅದೇ ಹಡಗಿನಲ್ಲಿ ಬಂದ ಜೂಲಿ ದುಬುವಾ ಗುಂಡರ್ಟರ ಹೆಂಡತಿಯಾದರು.

ಮೊಗ್ಲಿಂಗರ ಹಿಂದೆ ಬಂದವರು ಅವರದೇ ಬಂಧು ಗಾಟ್‌ಫ್ರೀಡ್ ವೈಗ್ಲೆ. 1840ರಲ್ಲಿ ಬಂದರು. ಮೊಗ್ಲಿಂಗರಿಗಿಂತ ಐದು ವರ್ಷ ಚಿಕ್ಕವರು. ಕನ್ನಡವನ್ನು ಆಳವಾಗಿ ಕಲಿತು ಬೈಬಲಿನ ಕನ್ನಡ ಅನುವಾದ ತಿದ್ದುವ ಕೆಲಸದಲ್ಲಿ ಮುಳುಗಿದರು. ಇಬ್ಬರೂ ಸೇರಿ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುವ ಸಾಹಸಕ್ಕೂ ಕೈ ಹಾಕಿದರು. ಬಿಬ್ಲಿಯೋಥಿಕಾ ಕರ್ನಾಟಿಕಾ, 1848ರಿಂದ 1853. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು. ಖರ್ಚು ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಜಡ್ಜ್ ಕಾಸಮೇಜರ್. ನಮ್ಮಜ್ಜಿ ದಿನಾ ಬೆಳಿಗ್ಗೆ ದೇವರನಾಮ ಹೇಳಿಕೊಂಡೇ ಒಲೆ ಹಚ್ಚುತ್ತಿದ್ದಳು. ಅವನ್ನು ಒಟ್ಟುಮಾಡಿ ಮೊದಲು ಅಚ್ಚು ಹಾಕಿಸಿದವರು ಪಾದ್ರಿಗಳು ಅಂದಿದ್ದರೆ ಅಜ್ಜಿ ನನ್ನನ್ನೇ ಮಡಿಯಿಂದ ಆಚೆ ಹಾಕುತ್ತಿದ್ದಳೇನೋ.

ಈಗ ಸಂಸಾರದ ವಿಷಯ. ಬಾಸೆಲ್‌ನವರ ನಿಯಮ ಕೇಳಿದರೆ ಆನ್‌ಸೈಟ್ ಪಾಲಿಸಿ ನೆನಪಾಗುತ್ತೆ. ಹೋಗುವಾಗ ಬ್ರಹ್ಮಚಾರಿಯಾಗಿ ಹೋಗಬೇಕು. ಕೆಲವು ವರ್ಷ ದುಡಿದು ಸೈ ಅನ್ನಿಸಿಕೊಂಡ ಮೇಲೆ ಮದುವೆಗೆ ಕಮಿಟಿಯ ಅನುಮತಿ ಕೇಳಬೇಕು. ಹುಡುಗಿಗೂ ಕಮಿಟಿಯ ಒಪ್ಪಿಗೆ ಬೇಕು. ಎಷ್ಟೋ ಸಲ ಹುಡುಗಿಯನ್ನು ಹುಡುಕಿಕೊಡುವವರೂ ಅವರೇ. ಸರಿಯಾಗಿ ಮುಖಪರಿಚಯವೂ ಇಲ್ಲದ ಗಂಡನಿಗಾಗಿ ಆ ಹುಡುಗಿಯರು ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದರು. ನಮ್ಮ ಕಡೆಯ ಹಳೇ ಕಾಲದ ಮದುವೆಗಳೇ ವಾಸಿ, ಮಧ್ಯೆ ಸಮುದ್ರವಾದರೂ ಇರುತ್ತಿರಲಿಲ್ಲ.

ಇನ್ನು ಮಕ್ಕಳು. ಇದನ್ನು ಓದುವಾಗ ನನಗೆ ನಿಜಕ್ಕೂ ಕಷ್ಟವಾಯಿತು. ಆರೇಳು ವರ್ಷವಾಗುತ್ತಲೇ ಮಕ್ಕಳನ್ನು ಯುರೋಪಿಗೆ ಕಳಿಸಬೇಕು. 1853ರಲ್ಲಿ ಮಿಷನ್ ಇದಕ್ಕಾಗಿಯೇ ನಿಯಮ ಮಾಡಿ ಬಾಸೆಲ್‌ನಲ್ಲಿ ಮಕ್ಕಳ ಮನೆ ತೆರೆಯಿತು. ಜ್ವರ, ಕಾಲರಾದ ಭಯ ಒಂದು ಕಡೆ, ನಮ್ಮ ನಡುವೆ ಬೆಳೆದರೆ "ಕೆಟ್ಟುಹೋಗುತ್ತಾರೆ" ಅನ್ನುವ ಭಯ ಇನ್ನೊಂದು ಕಡೆ. ಗುಂಡರ್ಟರ ಮಗಳು ಮೇರಿ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದಳು. ನಾಲ್ಕು ವರ್ಷದವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಮತ್ತೆ ಇಲ್ಲಿಗೆ ಬಂದದ್ದು 1857ರಲ್ಲಿ, ಹದಿನೈದನೇ ವಯಸ್ಸಿಗೆ. (ಇದೇ ಮೇರಿಯ ಮಗ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವನು.) ಬೇರೆಯವರ ಮಕ್ಕಳಿಗೆ ಶಾಲೆ, ಹಾಸ್ಟೆಲ್ ನಡೆಸುತ್ತಾ ತಮ್ಮ ಮಕ್ಕಳನ್ನು ಮಾತ್ರ ಕಾಗದದಲ್ಲಿ ಬೆಳೆಸಿದವರು ಇವರು.

ಮೊಗ್ಲಿಂಗ್ ಮಾತ್ರ ಬಹಳ ಕಾಲ ಮದುವೆಯಾಗಲಿಲ್ಲ. ಮಂಗಳೂರಿನ ಶಾಲೆಯ ಹುಡುಗರೇ ಸಂಸಾರ. ಅಲ್ಲಿಗೆ ಬಂದವನು ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ. 1844ರ ಜನವರಿಯಲ್ಲಿ, ಹತ್ತೊಂಬತ್ತರ ಆಸುಪಾಸಿನಲ್ಲಿ, ದೀಕ್ಷಾಸ್ನಾನ ಪಡೆದ. ಮಂಗಳೂರಿನಲ್ಲಿ ದೊಡ್ಡ ಗಲಾಟೆಯಾಯಿತು. ಆಗದೇ ಇರುತ್ತದೆಯೇ? ಒಂದು ಮನೆಯಲ್ಲಿ ಬೆಳೆದ ಮಗ ಮರುದಿನದಿಂದ ಆ ಮನೆಯವನಲ್ಲ. ಮೊಗ್ಲಿಂಗರ ಕನ್ನಡ ಸೇವೆ ಹೊಗಳುವ ಲೇಖನಗಳು ಈ ಮನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಬೈಯುವ ಲೇಖನಗಳು ಈ ಮನೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಹುಡುಗ ತಾನೇ ಯೋಚಿಸಿ ಹೋದವನು ಅಂತಲೇ ನನಗನ್ನಿಸುವುದು. ಆದರೂ ಅವನ ತಾಯಿಯ ಜಾಗದಲ್ಲಿ ನಮ್ಮಮ್ಮನನ್ನು ಇಟ್ಟು ನೋಡಿದರೆ ಮೊಗ್ಲಿಂಗರ ಮೇಲೆ ಸಿಟ್ಟು ಬರುತ್ತೆ. ಎರಡೂ ನಿಜ.

1846ರಲ್ಲಿ ಮೊಗ್ಲಿಂಗ್ ಆರೋಗ್ಯ ಕೆಟ್ಟು ಊರಿಗೆ ಹೋಗಿದ್ದಾಗ ಕೌಂಡಿನ್ಯನನ್ನೂ ಬಾಸೆಲ್‌ಗೆ ಕರೆದೊಯ್ದು ಸೇರಿಸಿದರು. ಅಲ್ಲಿಯ ಹಳ್ಳಿಗರಿಗೆ ಭಾರತದ ಬಗ್ಗೆ ನೂರು ಭಾಷಣ ಮಾಡುವುದೂ ಒಂದೇ, ಈ ಹುಡುಗನನ್ನು ಮುಂದೆ ನಿಲ್ಲಿಸುವುದೂ ಒಂದೇ. ಐದು ವರ್ಷ ಓದಿ, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಕೌಂಡಿನ್ಯ ವಾಪಸ್ ಬಂದ. 1860ರಲ್ಲಿ ಮೇರಿ ರೈನ್‌ಹಾರ್ಟ್ ಅನ್ನುವ ಜರ್ಮನ್ ಹುಡುಗಿಯನ್ನು ಮದುವೆಯಾದ. ಆ ಕಾಲಕ್ಕೆ ಅಲ್ಲೂ ಇಲ್ಲೂ ಜನ ಮೂಗಿನ ಮೇಲೆ ಬೆರಳಿಟ್ಟಿರಬೇಕು.

ಕೊಡಗಿನ ಕಥೆ ಶುರುವಾಗುವುದು ಅಳಮಂಡ ಸೋಮಯ್ಯ ಅನ್ನುವ ಕೊಡವರಿಂದ. ಸನ್ಯಾಸಿಯ ವೇಷದಲ್ಲಿ ಮಂಗಳೂರಿಗೆ ಬಂದವರು ಮೊಗ್ಲಿಂಗರನ್ನು ಕಂಡು ಕ್ರೈಸ್ತರಾದರು. 1853ರಲ್ಲಿ ಸೋಮಯ್ಯನವರ ಜೊತೆ ಮೊಗ್ಲಿಂಗ್ ಘಟ್ಟ ಹತ್ತಿದರು. ಸೋಮಯ್ಯನವರ ಮೇಲೆ ಕುಲದವರು ತಿರುಗಿಬಿದ್ದರು. ಧರ್ಮ ಬಿಟ್ಟವನ ಆಸ್ತಿಹಕ್ಕು ಹೋಗುವುದಿಲ್ಲ ಅನ್ನುವ 1850ರ ಕಾಯಿದೆ ಆಗಲೇ ಬಂದಿತ್ತು, ಆದರೆ ಐನ್‌ಮನೆಯ ಒಳಗೆ ಕಾಯಿದೆ ಎಷ್ಟು ದೂರ ಹೋಗುತ್ತೆ?

ಹೆಚ್ಚು ಜನ ಬಂದದ್ದು ಕೊಡವರಿಂದ ಅಲ್ಲ, ಅವರ ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರಿಂದ. ಜಮೀನಿನ ಜೊತೆಗೇ ಎಣಿಕೆಯಾಗುತ್ತಿದ್ದ ಜನ. ಗುಲಾಮಗಿರಿ 1843ರಲ್ಲೇ ಕಾನೂನಿನ ಪ್ರಕಾರ ಹೋಗಿತ್ತು, ಗದ್ದೆಯಲ್ಲಿ ಹೋಗಿರಲಿಲ್ಲ. ಒಡೆಯನ ಗದ್ದೆ ಬಿಟ್ಟರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಅದಕ್ಕಾಗಿ ಹುಟ್ಟಿದ್ದು ಬೇರೆಯೇ ಒಂದು ಊರು, ಆನಂದಪುರ. ಹೆಸರು ಬಂದದ್ದು ಆನಂದರಾವ್ ಕೌಂಡಿನ್ಯರಿಂದ. ಮಂಗಳೂರಿನಲ್ಲಿ ಮನೆ ಕಳೆದುಕೊಂಡ ಹುಡುಗನ ಹೆಸರಿನಲ್ಲಿ ಎಂದೂ ಮನೆಯಿಲ್ಲದವರಿಗೆ ಒಂದು ಊರು.

ಈ ಮಧ್ಯೆ 1855ರಲ್ಲಿ ವೈಗ್ಲೆ ತೀರಿಕೊಂಡರು. ನಲವತ್ತೂ ಆಗಿರಲಿಲ್ಲ. ಹೆಂಡತಿ ಪೌಲೀನ್, ಚಿಕ್ಕ ಮಕ್ಕಳು. ಕೊನೆಗೆ ಮೊಗ್ಲಿಂಗ್ ಪೌಲೀನ್‌ರನ್ನು ಮದುವೆಯಾದರು. ನಲವತ್ತು ದಾಟಿದ ಬ್ರಹ್ಮಚಾರಿ ಒಂದೇ ದಿನದಲ್ಲಿ ಗಂಡನೂ ಅಪ್ಪನೂ ಆದರು. ಇದು ಪ್ರೀತಿಯೋ, ಕರ್ತವ್ಯವೋ, ತನ್ನ ಹಿಂದೆ ಬಂದವನ ಋಣವೋ? ನನಗೆ ಮೂರನೆಯದೇ ಹೆಚ್ಚು ಅನ್ನಿಸುತ್ತೆ. ನಾವು ಗೆಳೆಯನ ರೆಸ್ಯೂಮ್ ಫಾರ್ವರ್ಡ್ ಮಾಡಿ ರೆಫರಲ್ ಬೋನಸ್ ಎಣಿಸುತ್ತೇವೆ, ಆಮೇಲೆ ಅವನ ಪಾಡು ಅವನಿಗೆ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರ ಕನ್ನಡ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. ಎರಡೇ ವರ್ಷಕ್ಕೆ, 1860ರಲ್ಲಿ, ಕೊಡಗು ಬಿಟ್ಟು ಜರ್ಮನಿಗೆ ಮರಳಿದರು. ಮತ್ತೆ ಈ ಕಡೆ ಬರಲಿಲ್ಲ. ಮುಂದೆ ಕಿಟ್ಟೆಲ್ ಕೂಡ ಆನಂದಪುರದಲ್ಲಿ ಕೆಲಸ ಮಾಡಿದರು. ಅವರ ಮೊದಲ ಹೆಂಡತಿ 1864ರಲ್ಲಿ ತೀರಿಕೊಂಡರು, ಆಕೆಯ ಹೆಸರೂ ಪೌಲೀನ್. ಕಿಟ್ಟೆಲ್ ಆಮೇಲೆ ಅವಳ ತಂಗಿಯನ್ನೇ ಮದುವೆಯಾದರು. ನಿಘಂಟಿನ ಹಿಂದಿನ ಈ ಮನೆಗಳ ಬಗ್ಗೆ ಯಾರಾದರೂ ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕು.

ಮೊಗ್ಲಿಂಗ್ 1881ರ ಮೇನಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮರುವರ್ಷವೇ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಬರೆದು ಪ್ರಕಟಿಸಿದರು. ಕೌಂಡಿನ್ಯ 1893ರವರೆಗೆ ಬದುಕಿದ್ದರು.

ಅವತ್ತು ಮದುವೆಗೆ ತಡವಾಗುತ್ತೆ ಅಂತ ಆನಂದಪುರದಲ್ಲಿ ಇಳಿಯಲಿಲ್ಲ. ಈ ಸಲ ಷಷ್ಠಿಗೆ ಊರಿಗೆ ಹೋದಾಗ ಒಂದು ದಿನ ಹೆಚ್ಚು ರಜೆ ಹಾಕಿ ಹೋಗಿಬರಬೇಕು. ಅಮ್ಮತ್ತಿ, ಸಿದ್ದಾಪುರದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿಯ ಹಳಬರಿಂದ ಕೇಳಿದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.